ಹವಳದ ಕಾಯಿಲೆಯನ್ನು ಗುರುತಿಸುವುದು ಹೇಗೆ?

ಹವಳವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ತಾಯಂದಿರ ಕೊರಳಿನ ಕೆಂಪು ಮಣಿ. ಆ ಮಣಿಯ ಹವಳ ಬಹುಕಾಲದಿಂದ ಮೆಡಿಟರೇನಿಯನ್ ಸಮುದ್ರದಿಂದ ಬಂದದ್ದು. ಕಡಲ ತಳದಲ್ಲಿ ದಿಬ್ಬ ಕಟ್ಟುವ ಹವಳ ಬೇರೆ. ಮೊಬೈಲಿನಲ್ಲಿ ಕಾಣುವ ಬಣ್ಣಬಣ್ಣದ ಗಾಜಿನ ತೊಟ್ಟಿಗಳಲ್ಲಿರುವುದು ಈ ಎರಡನೆಯದು. ಅದನ್ನು ನೋಡಿ, ‘ಇಂಥದೊಂದನ್ನು ನಮ್ಮ ಕೋಣೆಯಲ್ಲಿಯೂ ಇಡಬಹುದೇ? ಅದು ಬಿಳಿಚಿಕೊಂಡರೆ ಏನು ಮಾಡಬೇಕು?’ ಎಂದು ಕೇಳುವ ಮಿತ್ರರಿದ್ದಾರೆ. ಎರಡು ಪ್ರಶ್ನೆಗಳೂ ಉತ್ತರಕ್ಕೆ ಯೋಗ್ಯವಾದವು. ಎರಡನೆಯದನ್ನು ಮೊದಲು ತೆಗೆದುಕೊಳ್ಳೋಣ.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಸಣ್ಣ ಹೂವಿನಂತಿರುವ ಸಾವಿರಾರು ಜೀವಿಗಳು ಒಟ್ಟುಗೂಡಿ, ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ, ತಮ್ಮ ಕೆಳಗೆ ಕಲ್ಲಿನಂಥ ಮನೆಯನ್ನು ಕಟ್ಟಿಕೊಳ್ಳುತ್ತವೆ. ಇವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಿನ ಬಲದಿಂದ ಆಹಾರ ತಯಾರಿಸಿ ಅದರಲ್ಲಿ ಬಹುಪಾಲನ್ನು ಯಜಮಾನನಿಗೆ ಕೊಡುತ್ತದೆ. ಯಜಮಾನ ಅದಕ್ಕೆ ಆಶ್ರಯ ಕೊಡುತ್ತಾನೆ. ಹವಳದ ಕಂದು, ಹಸಿರು ಬಣ್ಣ ಹೆಚ್ಚಾಗಿ ಈ ಪಾಚಿಯದು. ಈ ಒಕ್ಕಲುತನ ಕೆಟ್ಟಾಗಲೇ ಹವಳಕ್ಕೆ ಕೇಡು ಬರುವುದು.

ನೀರು ಬಿಸಿಯಾದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಆಗ ಗಾಜಿನಂತಿರುವ ಮೈಯ ಮೂಲಕ ಒಳಗಿನ ಬಿಳಿ ಸುಣ್ಣ ಕಾಣುತ್ತದೆ. ಇದನ್ನೇ ಹವಳ ಬಿಳಿಚಿಕೊಳ್ಳುವುದು ಎನ್ನುತ್ತಾರೆ. ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಬಿಳಿಚಿದ ಹವಳ ಸತ್ತ ಹವಳವಲ್ಲ. ಅದು ಉಪವಾಸ ಬಿದ್ದ ಹವಳ. ಹತ್ತಿರದಿಂದ ನೋಡಿದರೆ ಮೈಯ ಪೊರೆ ಇನ್ನೂ ಇರುತ್ತದೆ. ಕೆಲವು ವಾರಗಳೊಳಗೆ ನೀರು ತಣಿದರೆ ಪಾಚಿ ಮರಳಿ ಬಂದು ಹವಳ ಬದುಕಬಹುದು. ಪೊರೆಯೇ ಕಳಚಿ, ಬರಿಯ ಸುಣ್ಣದ ಮೇಲೆ ಹಸಿರು ಲೋಳೆ ಹತ್ತಿದ್ದರೆ ಆ ಭಾಗ ಸತ್ತಿದೆ.

ತೊಟ್ಟಿಯಲ್ಲಿ ಹವಳ ಸಾಕಲು ಕಾನೂನಿನ ಅನುಮತಿಯಿರುವ ದೇಶಗಳಲ್ಲಿ, ಅದನ್ನು ಸಾಕುವವರು ಪರೀಕ್ಷೆಯ ಒಂದು ಕ್ರಮವನ್ನು ರೂಢಿಸಿಕೊಂಡಿದ್ದಾರೆ. ಅದು ನಮ್ಮ ಕಾರಖಾನೆಯ ಮಿತ್ರರಿಗೆ ಹೊಸದೆನಿಸದು. ಯಂತ್ರ ನಿಂತರೆ ಬಲ್ಲ ಫಿಟ್ಟರನು ಕೂಡಲೇ ಬಿಚ್ಚಲು ಹೋಗುವುದಿಲ್ಲ. ಮೊದಲು ಮೀಟರುಗಳನ್ನು ನೋಡುತ್ತಾನೆ. ಇಲ್ಲಿಯೂ ಹಾಗೆಯೇ.

ಮೊದಲು ಕೇಳಬೇಕಾದ ಪ್ರಶ್ನೆ: ಎಲ್ಲವೂ ಒಟ್ಟಿಗೆ ಬಾಡಿವೆಯೇ, ಇಲ್ಲವೆ ಒಂದೇ ಬಾಡಿದೆಯೇ? ಎಲ್ಲವೂ ಬಾಡಿದ್ದರೆ ದೋಷ ನೀರಿನಲ್ಲಿದೆ. ಒಂದೇ ಆದರೆ, ಅದನ್ನು ಕಚ್ಚುವ ಮೀನೋ ಹುಳವೋ ಇರಬೇಕು, ಇಲ್ಲವೆ ಪಕ್ಕದ ಹವಳ ಅದನ್ನು ಕುಟುಕುತ್ತಿರಬೇಕು. ದೀಪದ ಹತ್ತಿರ ಮೇಲಿರುವವು ಮಾತ್ರ ಬಿಳಿಚಿದ್ದರೆ ಬೆಳಕು ಅತಿಯಾಗಿದೆ. ಬಿಳಿಚುವ ಬದಲು ಕಂದಾಗುತ್ತಿದ್ದರೆ, ಬೆಳಕು ಸಾಲದು ಅಥವಾ ನೀರಿನಲ್ಲಿ ಕಸುವು ಹೆಚ್ಚಾಗಿದೆ.

ಎರಡನೆಯದು ಶಾಖ. 24ರಿಂದ 27 ಡಿಗ್ರಿ ಸೆಲ್ಸಿಯಸ್ ಹವಳಕ್ಕೆ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಯಾವ ತೊಟ್ಟಿಯೂ ಈ ಮಿತಿಯಲ್ಲಿ ತಾನಾಗಿ ನಿಲ್ಲದು. ಮೂರನೆಯದು ಉಪ್ಪು. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಆರುವುದಿಲ್ಲ. ಆದುದರಿಂದ ಆರಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರು ಸುರಿದರೆ ದಿನದಿನಕ್ಕೆ ಉಪ್ಪು ಏರುತ್ತದೆ. ನಾಲ್ಕನೆಯದು ಸುಣ್ಣದ ಅಂಶ ಮತ್ತು ಕ್ಷಾರ. ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಇರಬೇಕು. ಕ್ಷಾರವು ಒಂದೆರಡು ದಿನಗಳಲ್ಲಿ ಏರಿಳಿದರೆ ಕೆಲವು ಜಾತಿಗಳಲ್ಲಿ ಪೊರೆ ಬುಡದಿಂದ ಕಳಚತೊಡಗುತ್ತದೆ. ಐದನೆಯದು ವಿಷ: ನಲ್ಲಿನೀರಿನ ಕ್ಲೋರಿನ್, ಮೀನಿನ ಔಷಧಿಯಲ್ಲಿರುವ ತಾಮ್ರ. ಮೀನನ್ನು ಉಳಿಸುವ ತಾಮ್ರವೇ ಹವಳವನ್ನು ಕೊಲ್ಲುತ್ತದೆ.

ದೋಷ ತಿಳಿದ ಮೇಲೆ ಒಂದು ಸಲಕ್ಕೆ ಒಂದನ್ನೇ ತಿದ್ದಬೇಕು, ಅದೂ ನಿಧಾನವಾಗಿ. ದಿನಾಂಕ, ಅಳತೆ, ಮಾಡಿದ ಕೆಲಸ ಇಷ್ಟನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದವನಿಗೆ ಯಾವುದು ರೋಗವಾಗಿತ್ತು, ಯಾವುದು ಮದ್ದಾಯಿತು ಎಂಬುದು ಎಂದಿಗೂ ತಿಳಿಯದು.

ಈಗ ಮೊದಲನೆಯ ಪ್ರಶ್ನೆ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ, ಕರಿಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಈ ಅನುಸೂಚಿಯ ಜೀವಿಗಳ ವಿಷಯದಲ್ಲಿ ತಪ್ಪು ಮಾಡಿದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆವಾಸವುಂಟು. ಸತ್ತ ಹವಳದ ತುಂಡಿಗೂ ಕಾಯಿದೆ ಅನ್ವಯಿಸುತ್ತದೆ. ‘ಇದು ಹೊರದೇಶದ ಮಾಲು’ ಎಂಬ ವ್ಯಾಪಾರಿಯ ಮಾತನ್ನು ನಂಬಿ ತಿಂಗಳ ಸಂಬಳ ಕೊಡುವುದು ಜಾಣತನವಲ್ಲ. ಹೊರದೇಶದಿಂದ ತರಲೂ ಪರವಾನಗಿ ಬೇಕು. ಸಿಕ್ಕಿಬಿದ್ದರೆ ಹೋಗುವುದು ಹವಳ ಮಾತ್ರವಲ್ಲ, ನೌಕರಿಯೂ ಹೋದೀತು. ತೊಟ್ಟಿಯ ಆಸೆಯಿದ್ದವರು ಸಿಹಿನೀರಿನ ಮೀನನ್ನು ಸಾಕಲಿ. ಮೇಲೆ ಹೇಳಿದ ಕ್ರಮದಲ್ಲಿ ಶಾಖವನ್ನೂ ಕ್ಲೋರಿನ್ನನ್ನೂ ಅಲ್ಲಿಯೂ ನೋಡಬೇಕು. ಉಪ್ಪಿನ ಬದಲು ಅಮೋನಿಯಾವನ್ನು ಅಳೆಯಬೇಕು.

ಹಾಗಾದರೆ ಹವಳದ ಪರೀಕ್ಷೆಯಿಂದ ನಮಗೇನು ಪ್ರಯೋಜನ? ನಮ್ಮ ಹವಳದ ತೊಟ್ಟಿ ಕಡಲೇ. ಉತ್ತರ ಕನ್ನಡದ ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ನಾವಿರುವ ಮಹಾರಾಷ್ಟ್ರದಲ್ಲಿ ಸಿಂಧುದುರ್ಗ ಜಿಲ್ಲೆಯ ಮಾಲವಣದಲ್ಲಿಯೂ ಇದೆ. ಅಲ್ಲಿನ ಕಡಲನ್ನು 1987ರಲ್ಲಿ ರಕ್ಷಿತ ಧಾಮವೆಂದು ಸಾರಲಾಯಿತು. ಲಕ್ಷದ್ವೀಪವಂತೂ ಹವಳದ ಮೇಲೆಯೇ ನಿಂತ ನಾಡು. ಅಲೆಯ ಹೊಡೆತವನ್ನು ಅಲ್ಲಿ ತಡೆಯುವುದು ಹವಳದ ದಿಬ್ಬವೇ.

ಕಡಲಿನಲ್ಲಿಯೂ ಪರೀಕ್ಷೆಯ ಸೂತ್ರ ಅದೇ. ಬೇಸಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಶಾಖ ನಾಲ್ಕು ವಾರ ನಿಂತರೆ ಹವಳ ಬಿಳಿಚತೊಡಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಆಯಿತು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ 1998ರಿಂದ 24 ವರ್ಷ ಲೆಕ್ಕ ಇಟ್ಟರು. ಆ ಅವಧಿಯಲ್ಲಿ ಜೀವಂತ ಹವಳ ಆವರಿಸಿದ್ದ ಜಾಗ ನೂರಕ್ಕೆ ಸುಮಾರು 37ರಿಂದ ಸುಮಾರು 19ಕ್ಕೆ ಇಳಿದಿತ್ತು. ಸುಮಾರು ಆರು ವರ್ಷ ಬಿಸಿ ತಾಗದೆ ಬಿಡುವು ಸಿಕ್ಕರೆ ಚೇತರಿಕೆ ಚುರುಕಾಗುತ್ತದೆಂದೂ ಅವರು ಕಂಡರು. ಹವಳಕ್ಕೆ ಈಗ ಸಿಗದಿರುವುದು ಆ ಬಿಡುವೇ.

ಕಡಲ ಶಾಖವನ್ನು ಇಳಿಸುವುದು ಒಬ್ಬಿಬ್ಬರ ಕೈಯಲ್ಲಿಲ್ಲ. ಆದರೆ ಬಿಸಿಯಿಂದ ಬಳಲಿದ ಹವಳಕ್ಕೆ ಮತ್ತೊಂದು ಪೆಟ್ಟು ಬೀಳದಂತೆ ನೋಡಿಕೊಳ್ಳಬಹುದು. ದೀಪಾವಳಿಯ ರಜೆಯಲ್ಲಿ ಮಾಲವಣಕ್ಕೋ ಮುರ್ಡೇಶ್ವರಕ್ಕೋ ಹೋಗುವವರು ನೀರಿಗಿಳಿದಾಗ ಹವಳದ ಮೇಲೆ ಕಾಲಿಡಬಾರದು. ದೋಣಿಯವನಿಗೆ ಲಂಗರನ್ನು ಮರಳಿನ ಮೇಲೆ ಹಾಕಲು ಹೇಳಬೇಕು. ಮಕ್ಕಳ ಆಟಕ್ಕೆಂದು ತುಂಡು ತರಬಾರದು. ಬಿಳಿ ಹವಳ ಕಂಡರೆ ‘ಸತ್ತಿದೆ’ ಎಂದು ಮುರಿಯಬಾರದು. ಅದು ಇನ್ನೂ ಬದುಕಿದ್ದು, ನೀರು ತಣಿಯುವುದನ್ನು ಕಾಯುತ್ತಿರಬಹುದು.