ಅಜ್ಜಿಯ ಡಬ್ಬಿಯ ಮಾತ್ರೆ ಎಲ್ಲಿಗೆ ಹೋಗುತ್ತದೆ?

ಕಾಣಿಯೂರಿನ ಕಡೆ ಹೆಚ್ಚಿನ ಮನೆಗಳ ಕಪಾಟಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇರುತ್ತದೆ. ಅದರೊಳಗೆ ಅಜ್ಜಿಯ ಬಿಪಿ ಮಾತ್ರೆಯ ಅರ್ಧ ಸ್ಟ್ರಿಪ್, ಮುಚ್ಚಳ ಅಂಟಿಹೋದ ಕೆಮ್ಮಿನ ಸಿರಪ್, ಜ್ವರ ಬಿಟ್ಟ ಕೂಡಲೇ ನಿಲ್ಲಿಸಿದ ಅಮಾಕ್ಸಿಸಿಲಿನ್‌ನ ನಾಲ್ಕು ಕ್ಯಾಪ್ಸೂಲ್. ವರ್ಷಕ್ಕೊಮ್ಮೆ ಡಬ್ಬಿ ಖಾಲಿಯಾಗುತ್ತದೆ: ಮಾತ್ರೆ ತೆಂಗಿನ ಬುಡಕ್ಕೆ, ಸಿರಪ್ ಬಚ್ಚಲಿಗೆ, ಸ್ಟ್ರಿಪ್ ಹಂಡೆಯ ಒಲೆಗೆ.

ಇಂಥ ಮನೆಯಿಂದಲೇ ಸುಳ್ಯಕ್ಕೋ ಮಂಗಳೂರಿಗೋ ನರ್ಸಿಂಗ್, ಫಾರ್ಮಸಿ, ಎಂಬಿಬಿಎಸ್ ಓದಲು ಹೋಗುವ ಮಕ್ಕಳಿಗೆ ಆಸ್ಪತ್ರೆಯ ನಿಯಮ ಬಾಯಿಪಾಠ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಅವಧಿ ಮೀರಿದ ಔಷಧಿ ಹಳದಿ ಚೀಲಕ್ಕೆ ಹೋಗಬೇಕು. ಅದನ್ನು ಸುಡುವ ಕುಲುಮೆಯ ಎರಡನೇ ಕೋಣೆಯಲ್ಲಿ ಸುಮಾರು 1050 ಡಿಗ್ರಿ ಶಾಖ ಇರಬೇಕು. ಆದರೆ ಇಂಥ ವಿದ್ಯಾರ್ಥಿಗಳನ್ನು ಮಾತಾಡಿಸಿದ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ: ಪರಿಸರಕ್ಕೆ ಕೆಡುಕೆಂದು ಗೊತ್ತು, ಮನೆಯ ಮಾತ್ರೆ ಮಾತ್ರ ಕಸದ ಬುಟ್ಟಿಗೆ. ಅವರನ್ನು ದೂರಿ ಫಲವಿಲ್ಲ. ಮನೆಗೆ ಹಳದಿ ಚೀಲ ಕೊಟ್ಟವರು ಯಾರೂ ಇಲ್ಲ.

ಎಸೆದದ್ದು ಎಲ್ಲಿಗೆ ಹೋಗುತ್ತದೆ? ನಮ್ಮಲ್ಲಿ ಒಳಚರಂಡಿ ಇಲ್ಲ, ಗುಂಡಿ ಇದೆ. ಮುರಕಲ್ಲಿನ ನೆಲ ನೀರನ್ನು ಬೇಗ ಇಳಿಸಿಕೊಳ್ಳುತ್ತದೆ, ಕೆಲವೇ ಹೆಜ್ಜೆಗೆ ಬಾವಿ. ಮಳೆಗಾಲದಲ್ಲಿ ತೋಟದ ನೀರು ತೋಡಿಗೆ, ತೋಡು ಕುಮಾರಧಾರೆಗೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಅದೇ ನೇತ್ರಾವತಿಯ ನೀರನ್ನು ತುಂಬೆಯಲ್ಲಿ ತಡೆದು ಮಂಗಳೂರಿಗೆ ಕುಡಿಯಲು ಕೊಡುತ್ತಾರೆ. ಅಲ್ಲಿಗೆ ತಲುಪುವ ಹೊತ್ತಿಗೆ ಔಷಧಿ ತೀರಾ ತೆಳುವಾಗಿರುತ್ತದೆ, ನಿಜ. ಆದರೆ ಕೆಲವು ಔಷಧಿಗಳಿಗೆ ಅಷ್ಟು ಸಾಕು. ಕೆನಡಾದ ಒಂದು ಕೆರೆಗೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಲೀಟರಿಗೆ ಐದಾರು ನ್ಯಾನೊಗ್ರಾಂನಷ್ಟೇ ಬೆರೆಸಿ ನೋಡಿದರು. ಗಂಡು ಮೀನುಗಳಲ್ಲಿ ಹೆಣ್ಣಿನ ಲಕ್ಷಣ ಕಾಣಿಸಿತು, ಒಂದು ಜಾತಿಯ ಸಣ್ಣ ಮೀನು ಹೆಚ್ಚುಕಡಿಮೆ ನಾಶವಾಯಿತು. ಆ್ಯಂಟಿಬಯಾಟಿಕ್ ಮಣ್ಣಿಗೆ ಬಿದ್ದರೆ ಅದನ್ನು ಎದುರಿಸಿ ಬದುಕಬಲ್ಲ ರೋಗಾಣುಗಳಿಗೆ ಅನುಕೂಲ.

ನೀರಿಗೆ ಸೇರುವ ಔಷಧಿಯಲ್ಲಿ ಹೆಚ್ಚಿನ ಪಾಲು ನುಂಗಿದವರ ಮೂತ್ರದಿಂದಲೇ ಬರುವುದು. ಅದನ್ನು ತಡೆಯುವುದು ಕಷ್ಟ. ಎಸೆಯುವುದನ್ನು ಪೂರ್ತಿ ತಡೆಯಬಹುದು. ಅದಕ್ಕೇ ಈ ಒತ್ತಾಯ. ಕೊಕ್ಕಡದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರನ್ನು ಕಂಡ ಈ ಸೀಮೆಯವರಿಗೆ ನೆಲಕ್ಕೆ ಬಿದ್ದ ವಿಷದ ದಾರಿಯನ್ನು ಹೆಚ್ಚು ವಿವರಿಸಬೇಕಿಲ್ಲ.

ಮಾಡಬೇಕಾದ್ದು ಸುಲಭ. ಹಳೆಯ ಔಷಧಿಯನ್ನು ಸ್ಟ್ರಿಪ್ಪು, ಬಾಟಲಿ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಬೇರೆ ಇಡಿ. ಒಲೆಗೆ ಹಾಕಬೇಡಿ: ಹಂಡೆಯ ಒಲೆಗೆ ಕುಲುಮೆಯ ಶಾಖ ಇಲ್ಲ, ಹೊಗೆ ಮನೆಯವರ ಮೂಗಿಗೇ. ಶೌಚಾಲಯಕ್ಕೂ ಸುರಿಯಬೇಡಿ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರ ಮಾರ್ಗಸೂಚಿಯಲ್ಲಿ ಫ್ಲಶ್ ಮಾಡಲು ಹೇಳಿದ್ದು 17 ಔಷಧಿಗಳನ್ನು ಮಾತ್ರ. ಟ್ರಮಡಾಲ್, ಫೆಂಟಾನಿಲ್‌ನಂಥ, ಬೇರೆಯವರು ನುಂಗಿದರೆ ಜೀವಕ್ಕೇ ಕುತ್ತಾಗುವಂಥವು. ಉಳಿದದ್ದನ್ನು ಪೇಟೆಗೆ ಹೋದಾಗ ಮೆಡಿಕಲ್‌ನಲ್ಲೋ ಆಸ್ಪತ್ರೆಯ ಔಷಧಾಲಯದಲ್ಲೋ ತೆಗೆದುಕೊಳ್ಳುತ್ತಾರಾ ಎಂದು ಕೇಳಿ. ಪಕ್ಕದ ಕೇರಳ 2025ರಲ್ಲಿ ‘ಎನ್‌ಪ್ರೌಡ್’ ಯೋಜನೆಯಡಿ ಕಲ್ಲಿಕೋಟೆಯಿಂದ ಮನೆಮನೆಯ ಹಳೆಯ ಔಷಧಿ ಸಂಗ್ರಹಿಸಲು ಶುರುಮಾಡಿತು. ನಮ್ಮ ಪಂಚಾಯತಿನಲ್ಲೂ ಒಂದು ಪೆಟ್ಟಿಗೆ ಇಡಲು ಆಗದ್ದೇನಲ್ಲ.

ರಜೆಗೆ ಊರಿಗೆ ಬರುವ ವಿದ್ಯಾರ್ಥಿಗಳೇ, ಈ ಸಲ ಅಜ್ಜಿಯ ಹತ್ತಿರ ಕೂತು ಆ ಡಬ್ಬಿ ತೆರೆಯಿರಿ. ದಿನ ಮೀರಿದ್ದನ್ನು ಬೇರೆ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಪೆಟ್ಟಿಗೆಯನ್ನು ಕೇಳಿ.