ತಮ್ಮನ ರಕ್ತಕ್ಕೂ ಪರೀಕ್ಷೆ ಏಕೆ?

ಸೋಮಂದೇಪಲ್ಲಿ: ಹೆರಿಗೆ, ಅಪಘಾತ ಎಂದು ಇಲ್ಲಿನವರು ಹಿಂದೂಪುರಕ್ಕೋ ಬೆಂಗಳೂರಿಗೋ ಓಡಿದಾಗ ರಕ್ತನಿಧಿಯ ಬಾಗಿಲಲ್ಲಿ ಒಂದು ಜಗಳ ಸಾಮಾನ್ಯ. 'ಸ್ವಂತ ತಮ್ಮನ ರಕ್ತ, ಗುಂಪೂ ಒಂದೇ. ಇನ್ನೇನು ಪರೀಕ್ಷೆ?'

ಗುಂಪು ಹೊಂದುವುದೇ ಬೇರೆ, ರಕ್ತದಲ್ಲಿ ಸೋಂಕು ಇಲ್ಲದಿರುವುದೇ ಬೇರೆ. ಕಾಮಾಲೆ (ನಮ್ಮ ಕಡೆ ಕಾಮೆರ್ಲು) ತರುವ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಗಟ್ಟಿಮುಟ್ಟಾಗಿ ಕಾಣುವವರ ಮೈಯಲ್ಲೂ ವರ್ಷಗಟ್ಟಲೆ ಅಡಗಿರುತ್ತವೆ. ಎಚ್‌ಐವಿಯೂ ಹಾಗೆಯೇ. ಆದ್ದರಿಂದ ಈ ಮೂರು ವೈರಸ್‌ಗಳ ಜತೆ ಸಿಫಿಲಿಸ್, ಮಲೇರಿಯಾಗಳಿಗೂ ಪ್ರತಿ ಚೀಲದ ರಕ್ತವನ್ನು ಪರೀಕ್ಷಿಸುವುದು ದೇಶದಲ್ಲಿ ಕಡ್ಡಾಯ. ಎಚ್‌ಐವಿ ಪರೀಕ್ಷೆ 1989ರಲ್ಲಿ ಕಡ್ಡಾಯವಾಯಿತು, ಹೆಪಟೈಟಿಸ್ ಸಿ ಪರೀಕ್ಷೆ 2001ರಲ್ಲಿ. ಅದಕ್ಕೂ ಮೊದಲು ರಕ್ತ ಹಾಕಿಸಿಕೊಂಡವರು ಒಮ್ಮೆ ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಈಗ ಅದು ಮಾತ್ರೆಗಳಿಂದಲೇ ಬಹುತೇಕರಿಗೆ ವಾಸಿಯಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಔಷಧ ಉಚಿತ.

ಪರೀಕ್ಷೆಗೂ ಒಂದು ಮಿತಿಯಿದೆ. ಸಾಮಾನ್ಯವಾಗಿ ಬಳಸುವ ಎಲಿಸಾ ಪರೀಕ್ಷೆ, ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ವಿಷಯದಲ್ಲಿ, ಮುಖ್ಯವಾಗಿ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಅವು ಕಾಣಿಸಿಕೊಳ್ಳಲು ಎಚ್‌ಐವಿಯಲ್ಲಿ ಎರಡು–ಮೂರು ವಾರ, ಹೆಪಟೈಟಿಸ್ ಸಿಯಲ್ಲಿ ಎರಡು ತಿಂಗಳಿಗೂ ಹೆಚ್ಚು ಬೇಕಾಗಬಹುದು. ಆ ನಡುವೆ ಕೊಟ್ಟ ರಕ್ತ ಪರೀಕ್ಷೆಯಲ್ಲಿ ಪಾಸಾಗುತ್ತದೆ, ರೋಗಿಗೆ ಸೋಂಕನ್ನೂ ಅಂಟಿಸುತ್ತದೆ. ವೈರಸ್ಸಿನ ವಂಶವಾಹಿಯನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಈ ಅವಧಿಯನ್ನು ಬಹಳ ಕಡಿಮೆ ಮಾಡುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ದುಬಾರಿಯಾದ ಕಾರಣ ಅದು ಎಲ್ಲ ರಕ್ತನಿಧಿಗಳಲ್ಲಿ ಇಲ್ಲ.

ಯಂತ್ರಕ್ಕೆ ಕಾಣದ್ದನ್ನು ದಾನಿಯೇ ಹೇಳಬೇಕು. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿಯಿಂದ ರಕ್ತ ಮಾರಾಟ ನಿಂತಿತು. ಹಣಕ್ಕಾಗಿ ಸುಳ್ಳು ಹೇಳುವವರು ಹೋದರೂ, ನೆಂಟರ ಒತ್ತಾಯಕ್ಕೆ ಸುಳ್ಳು ಹೇಳುವವರು ಉಳಿದರು. ಭಾವ, ಷಡ್ಡಕರೆಲ್ಲ ಸುತ್ತ ನಿಂತಿರುವಾಗ 'ನಾನು ಕೊಡಬಾರದು' ಎನ್ನಲು ಯಾರಿಗೆ ಬಾಯಿ ಬರುತ್ತದೆ? ಸ್ವಯಂಪ್ರೇರಿತ ದಾನಿಗಳ ರಕ್ತ ಹೆಚ್ಚು ಸುರಕ್ಷಿತ ಎನ್ನುವುದು ಇದಕ್ಕೇ.

ಇಂಥ ಇಕ್ಕಟ್ಟಿನಲ್ಲಿರುವವರು ಒಳಗೆ ವೈದ್ಯರೊಬ್ಬರೇ ಇದ್ದಾಗ ವಿಷಯ ತಿಳಿಸಿದರೆ ಸಾಕು, ಆ ರಕ್ತ ಬಳಸುವುದಿಲ್ಲ. ಕಳೆದೊಂದು ವರ್ಷದಲ್ಲಿ ಹಚ್ಚೆ, ದೊಡ್ಡ ಶಸ್ತ್ರಚಿಕಿತ್ಸೆ ಆಗಿದ್ದರೂ, ಎಂದಾದರೂ ಕಾಮೆರ್ಲು ಬಂದಿದ್ದರೂ ಮುಚ್ಚಿಡಬಾರದು. ನಮೂನೆಯ ತೆಲುಗು ಅಥವಾ ಇಂಗ್ಲಿಷ್ ಓದಲು ಬಾರದಿದ್ದರೆ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಬೇಕು. ಸೋಂಕು ಕಂಡ ಚೀಲವನ್ನು ನಾಶಪಡಿಸಿ, ದಾನಿಯನ್ನು ಮಾತ್ರ ಗುಟ್ಟಾಗಿ ಕರೆದು ಮುಂದಿನ ಪರೀಕ್ಷೆಗೆ ಕಳುಹಿಸಬೇಕೆಂಬುದು ನಿಯಮ.