ಮಿರಜ ಜಂಕ್ಷನ್ನಿನಿಂದ ಮನೆಯವರೆಗೆ: ದಾರಿ ತಪ್ಪಿದ ಮಗು ಮರಳುವ ಬಗೆ

ಮಿರಜ ರೈಲು ನಿಲ್ದಾಣವನ್ನು ನಮ್ಮ ಭಾಗದ ಜನರು ಆಸ್ಪತ್ರೆಗೆ ಬರುವ ದಾರಿಯೆಂದೂ ಪಂಢರಪುರಕ್ಕೆ ಹೋಗುವ ದಾರಿಯೆಂದೂ ಬಲ್ಲರು. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ ಮಾರ್ಗವಾಗಿ ಬರುವ ಹಳಿ, ಪುಣೆಯ ಹಳಿ, ಕೊಲ್ಹಾಪುರದ ಹಳಿ, ಪಂಢರಪುರ ಕುರ್ಡುವಾಡಿಯ ಹಳಿ, ಈ ನಾಲ್ಕೂ ಇಲ್ಲಿ ಕೂಡುತ್ತವೆ. ಇಂತಹ ಜಂಕ್ಷನ್ನುಗಳಿಗೆ ಇನ್ನೊಂದು ಬಗೆಯ ಪ್ರಯಾಣಿಕರೂ ಬಂದಿಳಿಯುತ್ತಾರೆ. ಕೈಯಲ್ಲಿ ಚೀಲವಿಲ್ಲದ, ಟಿಕೇಟಿಲ್ಲದ, ಎಲ್ಲಿಗೆಂದು ಕೇಳಿದರೆ ಉತ್ತರವಿಲ್ಲದ ಮಕ್ಕಳು ಅವರು. ಅವರಲ್ಲೊಬ್ಬರು ಕನ್ನಡ ಮಾತನಾಡುವವರಾಗಿದ್ದರೆ, ಮನೆಗೆ ಮರಳುವ ದಾರಿ ಯಾವುದು, ಅದರಲ್ಲಿ ತೊಡಕು ಎಲ್ಲಿ ಬರುತ್ತದೆ ಎಂಬುದನ್ನು ನಮ್ಮ ಶಾಲೆಗಳ ಪಾಲಕರು ತಿಳಿದಿರುವುದು ಅಗತ್ಯವಾಗಿದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಪ್ಲಾಟ್‌ಫಾರ್ಮಿನಲ್ಲಿ ಮಲಗಿರುವ ಮಗುವನ್ನು ಕಂಡೊಡನೆ ‘ಪಾಪ, ಯಾರೂ ಇಲ್ಲದ ಅನಾಥ’ ಎಂದುಕೊಂಡು ಒಂದು ವಡಾಪಾವ್ ಕೊಡಿಸಿ ಮುಂದೆ ಹೋಗುತ್ತೇವೆ. ರೈಲ್ವೆ ರಕ್ಷಣಾ ದಳದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ‘ನನ್ಹೇ ಫರಿಶ್ತೆ’ ಎಂಬ ಕಾರ್ಯಾಚರಣೆಯಲ್ಲಿ 2018ರಿಂದ 2024ರ ಮೇ ತಿಂಗಳವರೆಗೆ ದೇಶದ ರೈಲುಗಳಲ್ಲಿ ಮತ್ತು ನಿಲ್ದಾಣಗಳಲ್ಲಿ 84,119 ಮಕ್ಕಳನ್ನು ರಕ್ಷಿಸಿರುವುದಾಗಿ ಅದು ತಿಳಿಸಿದೆ. 2018ರಲ್ಲಿ ಸಿಕ್ಕ 17,112 ಮಕ್ಕಳ ಪೈಕಿ 13,187 ಮಂದಿ ಮನೆ ಬಿಟ್ಟು ಓಡಿಬಂದವರು. ಅಂದರೆ ಹೆಚ್ಚಿನವರಿಗೆ ಮನೆಯಿದೆ, ಹುಡುಕುತ್ತಿರುವ ಜನರಿದ್ದಾರೆ.

ಇದನ್ನು ಬಹಳ ಮೊದಲೇ ಕಂಡುಕೊಂಡು, ಕಂಡದ್ದನ್ನೇ ಕೆಲಸದ ಕ್ರಮವಾಗಿ ಮಾಡಿಕೊಂಡ ಸಂಸ್ಥೆಯೊಂದು ಕನ್ನಡ ನಾಡಿನಲ್ಲೇ ಹುಟ್ಟಿತು. ಪ್ರಮೋದ ಕುಲಕರ್ಣಿಯವರು ರಾಯಚೂರಿನಲ್ಲಿ 1992ರಲ್ಲಿ ಆರಂಭಿಸಿದ ‘ಸಾಥಿ’ ಮೊದಲು ಇತರ ಸಂಸ್ಥೆಗಳಂತೆಯೇ ನಿಲ್ದಾಣದ ಮಕ್ಕಳಿಗೆ ಆಶ್ರಯ ಒದಗಿಸುವ ಕೆಲಸದಲ್ಲಿ ತೊಡಗಿತ್ತು. ಕೆಲವು ವರ್ಷಗಳ ಅನುಭವದ ಮೇಲೆ ಅದರ ದಾರಿ ಬದಲಾಯಿತು. ಈ ಮಕ್ಕಳಲ್ಲಿ ಬಹುತೇಕರನ್ನು ಮನೆಗೆ ಮರಳಿಸಬಹುದು, ಮರಳಿಸುವುದೇ ಮುಖ್ಯ ಕೆಲಸ, ಆಶ್ರಯ ಅದಕ್ಕೆ ಪೂರಕ ಎಂಬ ನಿಲುವಿಗೆ ಸಂಸ್ಥೆ ಬಂದಿತು. ಮಾಲ್ಕಮ್ ಹಾರ್ಪರ್ ಮತ್ತು ಲಲಿತಾ ಅಯ್ಯರ್ ಈ ಕೆಲಸದ ಕುರಿತು 2013ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಸಾಥಿಯ ಕ್ರಮದಲ್ಲಿ ಎರಡು ಸಂಗತಿಗಳು ಗಮನಿಸತಕ್ಕವು. ಒಂದು, ಕಾಲ. ಮಗು ನಿಲ್ದಾಣಕ್ಕೆ ಬಂದಿಳಿದ ಮೊದಲ ಗಂಟೆಗಳಲ್ಲೇ ಅದನ್ನು ಮಾತನಾಡಿಸಬೇಕು. ಆಗ ಅದಕ್ಕೆ ಹಸಿವು, ಭಯ, ಮನೆಯ ನೆನಪು ಇವೆಲ್ಲ ಹಸಿಯಾಗಿರುತ್ತವೆ. ಹೆಸರು, ಊರು ಕೇಳಿದರೆ ಹೇಳುತ್ತದೆ. ವಾರಗಳು ಕಳೆದರೆ ಬಾಟಲಿ ಆಯ್ದು ಮಾರುವುದನ್ನು ಕಲಿಯುತ್ತದೆ, ಗೆಳೆಯರ ಗುಂಪು ಸೇರುತ್ತದೆ, ಸೊಲ್ಯೂಷನ್ ಮೂಸುವ ಚಟ ಅಂಟುತ್ತದೆ. ಆಮೇಲೆ ಹೇಳುವ ಹೆಸರೂ ಸುಳ್ಳು, ಊರೂ ಸುಳ್ಳು. ಎರಡನೆಯದು, ಹಾಗೆ ಬೀದಿಗೆ ಒಗ್ಗಿಹೋದ ಮಕ್ಕಳಿಗಾಗಿ ಸಂಸ್ಥೆ ನಡೆಸುವ ಶಿಬಿರ. ಸುಮಾರು ಒಂದು ತಿಂಗಳು ಆಟ, ಹಾಡು, ಸಮಾಲೋಚನೆಗಳ ನಡುವೆ ಮಗು ನಿಧಾನವಾಗಿ ಮನೆಯ ಮಾತು ತೆಗೆಯುತ್ತದೆ. ಶಿಬಿರ ಮುಗಿಯುವ ದಿನ ತಂದೆತಾಯಿಗಳು ಬಂದು ಮಕ್ಕಳನ್ನು ಕರೆದೊಯ್ಯುತ್ತಾರೆ. ಬೈಗುಳ, ಹೊಡೆತ, ಪರೀಕ್ಷೆಯ ಭಯ, ಬಡತನ, ಮನೆಯೊಳಗಿನ ಕುಡಿತ, ಮುಂಬಯಿ ನೋಡುವ ಆಸೆ, ಹೀಗೆ ಮಗು ಮನೆ ಬಿಟ್ಟ ಕಾರಣ ಯಾವುದೆಂದು ಗೊತ್ತಾಗದೆ ಮನೆಗೆ ಬಿಟ್ಟುಬಂದರೆ ಅದು ಮುಂದಿನ ವಾರ ಅದೇ ರೈಲು ಹಿಡಿಯುತ್ತದೆ. ಪತ್ತೆಹಚ್ಚುವುದು ಅರ್ಧ ಕೆಲಸ ಮಾತ್ರ ಎಂಬುದು ಈ ಕ್ಷೇತ್ರದಲ್ಲಿ ದುಡಿದವರೆಲ್ಲ ಬಲ್ಲ ಸತ್ಯ.

ಇನ್ನು ಕಾನೂನಿನ ದಾರಿ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಒಂಟಿಯಾಗಿ ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮರಾಠಿಯಲ್ಲಿ ಇದನ್ನು ಬಾಲ ಕಲ್ಯಾಣ ಸಮಿತಿ ಎನ್ನುತ್ತಾರೆ. ಮಿರಜ ನಿಲ್ದಾಣದಲ್ಲಿ ಸಿಕ್ಕ ಮಗು ಸಾಂಗಲಿ ಜಿಲ್ಲೆಯ ಸಮಿತಿಯ ಮುಂದೆ ಬರುತ್ತದೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರಿರುವ ಈ ಸಮಿತಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು. ಸಮಿತಿಯು ಮಗುವನ್ನು ತಾತ್ಕಾಲಿಕವಾಗಿ ಬಾಲಗೃಹಕ್ಕೆ ಕಳುಹಿಸಿ, ಮನೆಯ ಸ್ಥಿತಿಗತಿಯ ಬಗ್ಗೆ 15 ದಿನಗಳಲ್ಲಿ ಸಾಮಾಜಿಕ ತನಿಖಾ ವರದಿ ಪಡೆದು, ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ನೀಡಬೇಕು. ಮಗುವಿನ ಮನೆ ಬೇರೆ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ ಇದ್ದರೆ ಅಲ್ಲಿಯ ಸಮಿತಿಯೊಡನೆ ವಿಚಾರಿಸಿ, ಪೊಲೀಸ್ ಬೆಂಗಾವಲಿನಲ್ಲಿ ಕಳುಹಿಸಿಕೊಡಬೇಕು. ಹೆಣ್ಣು ಮಗುವಾದರೆ ಮಹಿಳಾ ಪೊಲೀಸ್ ಜೊತೆಗಿರಬೇಕು.

ಕಾಗದದ ಮೇಲೆ ದಾರಿ ನೇರವಾಗಿಯೇ ಇದೆ. ಆದರೆ ಈ ಇಡೀ ಯಂತ್ರ ತಿರುಗಲು ಆರಂಭವಾಗುವುದು ಮಗುವಿನ ಬಾಯಿಂದ ಬರುವ ಎರಡು ಮೂರು ಶಬ್ದಗಳಿಂದ. ಆ ಶಬ್ದಗಳನ್ನು ಕೇಳಿಸಿಕೊಳ್ಳುವವರು ಯಾವ ಭಾಷೆಯವರು? ಗಡಿಭಾಗದ ನಮಗೆ ವಿಷಯದ ತಿರುಳು ಇರುವುದು ಇಲ್ಲಿಯೇ.

ಒಂದು ಉದಾಹರಣೆ ನೋಡೋಣ. ಜತ್ತ ಕಡೆಯ ಹುಡುಗನೊಬ್ಬನನ್ನು ‘ಮನೆಯಲ್ಲಿ ಯಾರಿದ್ದಾರೆ?’ ಎಂದು ಕೇಳಿದಾಗ ಅವನು ‘ಆಯಿ ಅದಾಳ್ರೀ’ ಎನ್ನುತ್ತಾನೆಂದು ಇಟ್ಟುಕೊಳ್ಳಿ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಅನೇಕ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಬರೆದುಕೊಳ್ಳುವವರು ‘ತಾಯಿ ಮನೆಯಲ್ಲಿದ್ದಾರೆ’ ಎಂದು ದಾಖಲಿಸುತ್ತಾರೆ. ವಾಸ್ತವದಲ್ಲಿ ತಾಯಿ ಕಬ್ಬು ಕಡಿಯುವ ಗ್ಯಾಂಗಿನೊಡನೆ ಎಲ್ಲೋ ದೂರದ ಫಡದಲ್ಲಿದ್ದಾಳೆ, ಹುಡುಗ ಹೊರಟದ್ದೇ ಅವಳನ್ನು ಹುಡುಕಿಕೊಂಡು! ಒಂದು ಶಬ್ದ ತಪ್ಪಾಗಿ ತಿಳಿದುದರಿಂದ ಅವನು ಮನೆ ಬಿಟ್ಟ ಕಾರಣವೇ ಕಡತದಿಂದ ಮರೆಯಾಯಿತು. ಅದೇ ಹುಡುಗ ‘ತೋಟದಾಗ ಇರ್ತೀವಿ’ ಎಂದರೆ ಕನ್ನಡಿಗರಿಗೆ ಅದು ಹೊಲದೊಳಗಿನ ವಸ್ತಿ ಎಂದು ಅರ್ಥವಾಗುತ್ತದೆ. ಮರಾಠಿಯ ‘ತೋಟಾ’ ಎಂದರೆ ನಷ್ಟ.

ಊರ ಹೆಸರಿನ ಪಾಡು ಇನ್ನೂ ಕಷ್ಟ. ಮಿರಜದಿಂದ ಬೆಳಗಾವಿ ದಾರಿಯಲ್ಲಿ ಉಗಾರ ಬರುತ್ತದೆ. ಉಗಾರ ಖುರ್ದ ಒಂದು, ಉಗಾರ ಬುದ್ರುಕ ಇನ್ನೊಂದು. ನಮ್ಮ ಸೀಮೆಯಲ್ಲಿ ಹೀಗೆ ಖುರ್ದ, ಬುದ್ರುಕ ಎಂಬ ಜೋಡಿ ಹಳ್ಳಿಗಳು ಅನೇಕ. ಮಗು ಬಾಲವನ್ನು ಬಿಟ್ಟು ಬರಿಯ ಹೆಸರನ್ನಷ್ಟೇ ಹೇಳುತ್ತದೆ. ವಿಜಯಪುರ ಜಿಲ್ಲೆಯ ಮಗು ಮನೆಯಲ್ಲಿ ಕೇಳಿದಂತೆ ‘ಬಿಜಾಪುರ’ ಎಂದರೆ, ದೂರದ ನಗರದ ಅಧಿಕಾರಿ ಕಂಪ್ಯೂಟರಿನಲ್ಲಿ ಹುಡುಕಿದಾಗ ಛತ್ತೀಸಗಡದ ಬಿಜಾಪುರ ಜಿಲ್ಲೆಯೂ ಎದುರಿಗೆ ಬಂದು ನಿಲ್ಲುತ್ತದೆ. ಮಿರಜದಲ್ಲಿ ಕನ್ನಡ ಬಲ್ಲವರಿಗೆ ಬರವಿಲ್ಲ ಎನ್ನಿ. ಚಹದಂಗಡಿಯವರು, ಹಮಾಲರು, ಪೊಲೀಸರಲ್ಲೂ ಕೆಲವರು ಮಾತನಾಡುತ್ತಾರೆ. ಆದರೆ ಅದೇ ಗಾಡಿ ಪುಣೆಗೆ, ಮುಂಬಯಿಗೆ ಮುಟ್ಟಿದರೆ ಆ ಅನುಕೂಲ ಉಳಿಯುವುದಿಲ್ಲ.

ಒಂದು ಹೆಸರು ತಪ್ಪಿದರೆ ಏನಾಗಬಹುದೆಂಬುದಕ್ಕೆ ಜಗತ್ತಿಗೇ ತಿಳಿದ ನಿದರ್ಶನವೊಂದಿದೆ. 1986ರಲ್ಲಿ ಮಧ್ಯಪ್ರದೇಶದ ಖಂಡ್ವಾದ ಐದು ವರ್ಷದ ಹುಡುಗನೊಬ್ಬ ಅಣ್ಣನೊಡನೆ ಬುರ್ಹಾನಪುರ ನಿಲ್ದಾಣಕ್ಕೆ ಹೋಗಿದ್ದ. ಅಣ್ಣನನ್ನು ಕಾಯುತ್ತಾ ನಿದ್ದೆ ಹೋಗಿ, ಎದ್ದು, ನಿಂತಿದ್ದ ರೈಲನ್ನು ಹತ್ತಿ, ಕೊನೆಗೆ ಇಳಿದದ್ದು ಕೋಲ್ಕತ್ತದಲ್ಲಿ. ಊರು ಕೇಳಿದವರಿಗೆ ‘ಗಿನೆಸ್ಟಲೇ’ ಎಂಬಂತೆ ಹೇಳುತ್ತಿದ್ದ. ಅಂತಹ ಊರು ಯಾವ ನಕಾಶೆಯಲ್ಲೂ ಇರಲಿಲ್ಲ. ಮರುವರ್ಷ ಆಸ್ಟ್ರೇಲಿಯಾದ ಟಾಸ್ಮೇನಿಯಾದ ದಂಪತಿ ಅವನನ್ನು ದತ್ತು ಪಡೆದರು. ಅವನೇ ಸರೂ ಬ್ರೈರ್ಲಿ. ದೊಡ್ಡವನಾದ ಮೇಲೆ ಗೂಗಲ್ ಅರ್ಥ್‌ನಲ್ಲಿ ರೈಲುಹಳಿಗಳನ್ನು ಹಿಂಬಾಲಿಸುತ್ತಾ ಹುಡುಕಿ, 2011ರಲ್ಲಿ ತನ್ನ ಊರನ್ನು ಗುರುತಿಸಿದ. 2012ರಲ್ಲಿ ತಾಯಿಯನ್ನು ಕಂಡ. ಬಾಲಕ ಹೇಳುತ್ತಿದ್ದದ್ದು ಖಂಡ್ವಾದ ‘ಗಣೇಶ ತಲಾಯಿ’ ಎಂಬ ಬಡಾವಣೆಯ ಹೆಸರನ್ನು. ಅವನ ಸ್ವಂತ ಹೆಸರು ಕೂಡ ಸರೂ ಅಲ್ಲ, ಶೇರು. ಆ ಉಚ್ಚಾರವನ್ನು ಬಲ್ಲ ಒಬ್ಬರು ಅಂದು ಅವನ ಪಕ್ಕದಲ್ಲಿದ್ದಿದ್ದರೆ 25 ವರ್ಷ ಉಳಿಯುತ್ತಿತ್ತೇನೋ.

ಈ ಕೊರತೆ ಕಾನೂನಿನ ಗಮನಕ್ಕೆ ಬಾರದೆ ಇಲ್ಲ. ಬಾಲನ್ಯಾಯ ನಿಯಮಗಳಲ್ಲಿ ದುಭಾಷಿಗಳ ಮತ್ತು ಭಾಷಾಂತರಕಾರರ ನೆರವಿಗೆ ಅವಕಾಶವಿದೆ. ನಮ್ಮ ಕನ್ನಡ ಶಾಲೆಗಳ ಶಿಕ್ಷಕರು, ನಿವೃತ್ತರು ಜಿಲ್ಲಾ ಬಾಲ ಸಂರಕ್ಷಣಾ ಘಟಕಕ್ಕೆ ಬರೆದು ‘ಕನ್ನಡ ದುಭಾಷಿಯಾಗಿ ಬರಲು ಸಿದ್ಧ’ ಎಂದು ಹೆಸರು ಕೊಡಬಹುದು. ಗಡಿನಾಡಿನಲ್ಲಿ ಭಾಷೆಗಾಗಿ ಮಾಡುವ ಕೆಲಸವೆಂದರೆ ಮನವಿಪತ್ರ ಮತ್ತು ಸಮ್ಮೇಳನ ಎಂದಷ್ಟೇ ನಾವು ಭಾವಿಸಿದ್ದೇವೆ. ಹೆದರಿದ ಮಗುವಿನ ಮುಂದೆ ಕುಳಿತು ‘ಏನಪಾ, ಊಟಾ ಮಾಡಿದಿ?’ ಎಂದು ಕೇಳುವುದೂ ಅದೇ ಸಾಲಿಗೆ ಸೇರಿದ್ದು ಎಂಬುದು ಈ ಲೇಖಕನ ಅಭಿಪ್ರಾಯ.

ಎಲ್ಲ ಮಕ್ಕಳನ್ನೂ ಮನೆಗೆ ಕಳುಹಿಸಲೇಬೇಕೆಂದಿಲ್ಲ. ಮನೆಯೊಳಗೇ ಹಿಂಸೆಯಿದ್ದರೆ, ತೀರ ಚಿಕ್ಕ ವಯಸ್ಸಿನ ಮದುವೆಗೆ ಹೆದರಿ ಹುಡುಗಿ ಓಡಿಬಂದಿದ್ದರೆ, ದುಡಿಮೆಗೆಂದು ಮಗುವನ್ನು ಒಪ್ಪಿಸಿದವರೇ ಮನೆಯವರಾಗಿದ್ದರೆ, ಸಮಿತಿಯು ಅದನ್ನು ತೂಗಿ ನೋಡಬೇಕಾಗುತ್ತದೆ. ಮಗುವಿನ ಹಿತವೇ ಅಲ್ಲಿ ಮೊದಲನೆಯದು. ಆದ್ದರಿಂದ ಅಧಿಕಾರಿಗಳು ಮನೆಗೆ ಬಂದು ನೆರೆಹೊರೆಯವರನ್ನು ವಿಚಾರಿಸಿದರೆ ಪಾಲಕರು ಅದನ್ನು ಅವಮಾನವೆಂದು ಭಾವಿಸಬಾರದು.

ದಾರಿಯಲ್ಲಿ ಇಂತಹ ಮಗು ಕಂಡರೆ ನಾವು ಮಾಡಬೇಕಾದದ್ದೇನು? ಮನೆಗೆ ಕರೆದೊಯ್ದು ಇಟ್ಟುಕೊಳ್ಳುವುದು ಸದುದ್ದೇಶದಿಂದಲೇ ಆದರೂ ಸರಿಯಲ್ಲ. 1098ಕ್ಕೆ ಕರೆ ಮಾಡಬೇಕು. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿದ್ದ ಜೆರೂ ಬಿಲಿಮೋರಿಯಾ 1996ರಲ್ಲಿ ಆರಂಭಿಸಿದ ಈ ಸಹಾಯವಾಣಿಯನ್ನು ಈಗ ಸರಕಾರವೇ ನಡೆಸುತ್ತಿದೆ. ನಿಲ್ದಾಣದಲ್ಲಾದರೆ ರೈಲ್ವೆ ಪೊಲೀಸರಿಗೋ ರೈಲ್ವೆ ರಕ್ಷಣಾ ದಳದವರಿಗೋ ತಿಳಿಸಬಹುದು. ದಿಕ್ಕಿಲ್ಲದಂತೆ ಸಿಕ್ಕ ಮಗುವಿನ ವಿಷಯವನ್ನು 24 ಗಂಟೆಗಳಲ್ಲಿ ತಿಳಿಸದಿರುವುದು ಅಪರಾಧ. ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ‘ಈ ಮಗು ಯಾರದು, ಎಲ್ಲ ಗುಂಪಿಗೂ ಕಳಿಸಿ’ ಎಂದು ಫೋಟೊ ಸಮೇತ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವ ರೂಢಿಯನ್ನೂ ನಿಲ್ಲಿಸಬೇಕು. ರಕ್ಷಣೆಯಲ್ಲಿರುವ ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಕಾಯ್ದೆಯ 74ನೇ ಕಲಮು ನಿಷೇಧಿಸಿದೆ. ಅಷ್ಟೇ ಅಲ್ಲ, ಆ ಫೋಟೊ ಮಗುವಿಗಾಗಿ ಹೊಂಚುಹಾಕುವವರ ಕೈಗೂ ಸೇರುತ್ತದೆ.

ನಮ್ಮ ಮಗುವೇ ಕಾಣೆಯಾದರೆ? ‘ಸಂಜೆಯವರೆಗೆ ನೋಡೋಣ, ಸೋದರಮಾವನ ಊರಿಗೆ ಹೋಗಿರಬೇಕು’ ಎಂದು ಕಾಯುವುದೇ ದೊಡ್ಡ ತಪ್ಪು. ಕಾಣೆಯಾದ ಮಗುವಿನ ದೂರನ್ನು ಪೊಲೀಸರು ಎಫ್‌ಐಆರ್ ಆಗಿಯೇ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಬಚ್‌ಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ 2013ರಲ್ಲಿ ಆದೇಶಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮನೆ ಜತ್ತದಲ್ಲಿ, ಮಗು ಕಾಣೆಯಾದದ್ದು ಅಥಣಿಯ ಸಂತೆಯಲ್ಲಿ ಎಂಬ ಕಾರಣಕ್ಕೆ ರಾಜ್ಯದ ಗಡಿ ತೋರಿಸಿ ಹಿಂದೆ ಕಳುಹಿಸುವಂತಿಲ್ಲ.

ಮುಂಚಿತವಾಗಿ ಮಾಡಬಹುದಾದ ಕೆಲಸವೂ ಇದೆ, ಅದು ಶಾಲೆಯಲ್ಲೇ ಆಗುವಂಥದು. ಒಂದನೇ ತರಗತಿಯಲ್ಲಿ ‘ನನ್ನ ಹೆಸರು, ನನ್ನ ಊರು’ ಎಂದು ಹೇಳಿಸುತ್ತೇವೆ. ಅದಕ್ಕೆ ಖುರ್ದ ಅಥವಾ ಬುದ್ರುಕ, ತಾಲೂಕು, ಜಿಲ್ಲೆ, ರಾಜ್ಯ ಸೇರಿಸಿ ಹೇಳಿಸಬೇಕು. ಮರಾಠಿ ಉಚ್ಚಾರದಲ್ಲೂ ಒಮ್ಮೆ ಹೇಳಿಸಬೇಕು. ತಂದೆಯನ್ನು ‘ಅಪ್ಪಾ’ ಎಂದಷ್ಟೇ ಬಲ್ಲ ಮಗುವಿಗೆ ಅವರ ಪೂರ್ಣ ಹೆಸರು, ಅಡ್ಡಹೆಸರು ಗೊತ್ತಿರಬೇಕು. ಮೊಬೈಲ್ ನಂಬರು ಬಾಯಿಪಾಠ ಮಾಡಿಸುವವರು ಸಿಮ್ ಬದಲಿಸಿದಾಗ ಹೊಸದನ್ನು ಮರಳಿ ಕಲಿಸಬೇಕು. ಕಬ್ಬಿನ ಸುಗ್ಗಿಯಲ್ಲಿ ಮಕ್ಕಳನ್ನು ಜೊತೆಗೆ ಒಯ್ಯುವ ಕುಟುಂಬಗಳು ಯಾವ ಕಾರಖಾನೆ, ಯಾವ ಊರಿನ ಫಡ ಎಂಬುದನ್ನು ಶಾಲೆಯ ಗುರುಗಳಿಗೆ ತಿಳಿಸಿ ಹೋದರೆ, ಹುಡುಕುವ ದಿನ ಬಂದಾಗ ಅದೊಂದು ಆಧಾರ. ಎರಡು ಮೂರು ದಿನ ಸತತ ಗೈರುಹಾಜರಾದ ಮಗುವಿನ ಮನೆಗೆ ಫೋನು ಮಾಡುವ ಶಿಕ್ಷಕರು ಅನೇಕ ಸಲ ಮನೆಯವರಿಗಿಂತ ಮೊದಲು ವಿಷಯ ಅರಿಯುತ್ತಾರೆ.

ಮಗು ಸಿಕ್ಕಿದೆ ಎಂಬ ಕರೆ ಬಂದಾಗ ಸಮಿತಿಯ ಹೆಸರು, ಜಿಲ್ಲೆ, ಬಾಲಗೃಹದ ವಿಳಾಸ ಬರೆದುಕೊಳ್ಳಿ. ನಿಮ್ಮ ಆಧಾರ್, ಪಡಿತರ ಚೀಟಿ, ಮಗುವಿನ ಜನನ ದಾಖಲೆ ಅಥವಾ ಶಾಲೆಯ ಬೋನಾಫೈಡ್, ಮಗುವಿನೊಡನೆ ತೆಗೆದ ಹಳೆಯ ಫೋಟೊ ಇವುಗಳನ್ನು ಒಯ್ಯಿರಿ. ಕನ್ನಡದಲ್ಲಿರುವ ದಾಖಲೆಯ ಜೊತೆಗೆ ಮುಖ್ಯಾಧ್ಯಾಪಕರಿಂದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಒಂದು ಪತ್ರವಿದ್ದರೆ ಅರ್ಧ ದಿನದ ಓಡಾಟ ತಪ್ಪುತ್ತದೆ. ಮಗುವನ್ನು ಬಿಡಿಸಿಕೊಳ್ಳಲು ಯಾವ ಶುಲ್ಕವೂ ಇಲ್ಲ. ‘ಕರೆತರುವ ಖರ್ಚಿಗೆ ಇಷ್ಟು ಹಣ ಹಾಕಿ’ ಎಂದು ಫೋನಿನಲ್ಲಿ ಯಾರಾದರೂ ಕೇಳಿದರೆ ಹಣ ಹಾಕದೆ, ಆ ನಂಬರನ್ನು ಹತ್ತಿರದ ಠಾಣೆಗೆ ಕೊಡಿ.